ಎತ್ತಿನ ಬಾಯಿ ನೋಡಿ ಕೊಳ್ಳುವ ನಾವು, ಮನೆ ನಾಯಿಯ ಬಾಯಿ ಯಾವತ್ತಾದರೂ ನೋಡಿದ್ದೇವಾ?

ಕಳೆದ ಮಳೆಗಾಲದಲ್ಲಿ ನಮ್ಮ ಕರಿಯ ಮಂಗ ಓಡಿಸುವುದನ್ನು ನಿಲ್ಲಿಸಿಬಿಟ್ಟ.

ಕರಿಯ ಅಂದರೆ ತೋಟದ ನಾಯಿ. ಜಾತಿ ಗೀತಿ ಎಂತದೂ ಇಲ್ಲ, ಊರು ನಾಯಿ. ವಯಸ್ಸು ಏಳು. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ತೋಟ ಇರುವವರಿಗೆ ಮಂಗನ ಕಥೆ ಹೊಸದಾಗಿ ಹೇಳಬೇಕಾಗಿಲ್ಲ. ಬಾಳೆಗೊನೆ, ಕೋಕೋ, ಎಳೆ ಅಡಿಕೆ, ಏನು ಸಿಕ್ಕರೂ ಅರ್ಧ ತಿಂದು ಅರ್ಧ ಬಿಸಾಡಿ ಹೋಗುತ್ತವೆ. ಪಟಾಕಿ ಹೊಡೆದು ನೋಡಿದ್ದೀವಿ, ಕವಣೆ ಹಿಡಿದು ಓಡಾಡಿದ್ದೀವಿ, ಹುಲಿ ಗೊಂಬೆ ಕೂರಿಸಿದ್ದೀವಿ. ಗೊಂಬೆಯ ತಲೆ ಮೇಲೆ ಮಂಗ ಕೂತಿದ್ದ ಫೋಟೋ ನನ್ನ ಮೊಬೈಲಿನಲ್ಲಿ ಈಗಲೂ ಇದೆ. ಮಂಗಗಳಿಗೇ ಒಂದು ಪಾರ್ಕ್ ಮಾಡುವ ಮಾತೂ ನಮ್ಮ ಜಿಲ್ಲೆಯಲ್ಲಿ ಬಂತು. ಇಷ್ಟೆಲ್ಲದರ ನಡುವೆ ನಿಜವಾಗಿ ಕೆಲಸ ಮಾಡುತ್ತಿದ್ದದ್ದು ಒಂದು ನಾಯಿ. ಬೆಳಿಗ್ಗೆ ಏಳಕ್ಕೆ ತೋಟಕ್ಕೆ ಇಳಿದರೆ ಮಧ್ಯಾಹ್ನದವರೆಗೆ ಅವನದೇ ಪಾಳಿ.

ಅಂಥವನು ಆಷಾಢ ಕಳೆಯುವ ಹೊತ್ತಿಗೆ ಜಗಲಿ ಮೂಲೆ ಹಿಡಿದ. ಮಂಗ ಬಂದರೆ ತಲೆ ಎತ್ತಿ ನೋಡುತ್ತಿದ್ದ, ಒಂದೆರಡು ಸಲ ಬೊಗಳುತ್ತಿದ್ದ, ಮತ್ತೆ ಮಲಗುತ್ತಿದ್ದ. ಹಾಕಿದ ಅನ್ನ ಖಾಲಿಯಾಗುತ್ತಿತ್ತು, ಆದರೆ ನಿಧಾನವಾಗಿ, ತಲೆಯನ್ನು ಒಂದು ಕಡೆ ವಾಲಿಸಿಕೊಂಡು. ಅಪ್ಪಯ್ಯ ಹೇಳಿದರು, "ಅದಕ್ಕೆ ವಯಸ್ಸಾತು ಮಾರಾಯ, ಇನ್ನೊಂದು ಮರಿ ನೋಡು." ನನಗೂ ಹೌದು ಅನ್ನಿಸಿತು. ಹತ್ತಿರ ಬಂದರೆ ಬಾಯಿ ವಾಸನೆ ಬೇರೆ. ನಾಯಿ ಅಂದಮೇಲೆ ಬಾಯಿ ವಾಸನೆ ಇದ್ದೇ ಇರುತ್ತದೆ ಅಂತ ನಾವೆಲ್ಲ ನಂಬಿಕೊಂಡಿದ್ದೇವಲ್ಲ.

ಆಮೇಲೆ ಒಂದು ದಿನ ಬಲಗಣ್ಣಿನ ಕೆಳಗೆ ನಿಂಬೆಹಣ್ಣಿನಷ್ಟು ಬಾವು. ಮುಳ್ಳು ಚುಚ್ಚಿರಬೇಕು, ಇಲ್ಲ ಮಂಗ ಕಚ್ಚಿರಬೇಕು ಅಂದುಕೊಂಡೆ. ಮೂರು ದಿನಕ್ಕೆ ಒಡೆದು ಕೀವು ಬಂತು. ನಾನು ಸಾವಯವದವನಲ್ವಾ, ಕೈಗೆ ಸಿಕ್ಕಿದ್ದು ಅರಿಶಿನ ಮತ್ತು ಬೇವಿನೆಣ್ಣೆ. ಹಚ್ಚಿದೆ. ಗಾಯ ಮಾಯಿತು. "ನೋಡಿ, ಇಂಜೆಕ್ಷನ್ ಗಿಂಜೆಕ್ಷನ್ ಏನೂ ಬೇಡ" ಅಂತ ಮನೆಯಲ್ಲಿ ಹೇಳಿಕೊಂಡಿದ್ದೂ ಆಯಿತು. ಹದಿನೈದು ದಿನಕ್ಕೆ ಅದೇ ಜಾಗದಲ್ಲಿ ಮತ್ತೆ ಬಾವು, ಮತ್ತೆ ಕೀವು. ಮತ್ತೆ ಅರಿಶಿನ. ಮೂರನೇ ಸಲ ಒಡೆದಾಗ ಮಳೆ ಜೋರಿತ್ತು, ನೊಣ ಕೂತು ಗಾಯಕ್ಕೆ ಹುಳ ಬಿತ್ತು. ಆಗ ಗಾಬರಿಯಾಯಿತು.

ನಮ್ಮ ಪಶುವೈದ್ಯರಿಗೆ ಫೋನ್ ಮಾಡಿ ಫೋಟೋ ಕಳಿಸಿದೆ. ಅವರು ಫೋಟೋ ನೋಡಿ ಒಂದೇ ಪ್ರಶ್ನೆ ಕೇಳಿದ್ದು: "ಬಾಯಿ ತೆಗೆದು ನೋಡಿದ್ರಾ?"

ನೋಡಿರಲಿಲ್ಲ. ಏಳು ವರ್ಷದಲ್ಲಿ ಒಂದು ಸಲವೂ ನೋಡಿರಲಿಲ್ಲ.

ಅದೇ ನಾವು ಎತ್ತು ಕೊಳ್ಳಲು ಹೋದರೆ ಮೊದಲು ಮಾಡುವುದೇನು? ಬಾಯಿ ಬಿಡಿಸಿ ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ ನೋಡುತ್ತೇವೆ. ಅಜ್ಜಂದಿರ ಕಾಲದಿಂದ ಬಂದ ವಿದ್ಯೆ ಅದು. ದುಡ್ಡು ಕೊಟ್ಟು ತರುವ ಪ್ರಾಣಿಗೆ ಈ ಪರೀಕ್ಷೆ, ಬೀದಿಯಲ್ಲಿ ಸಿಕ್ಕಿ ಮನೆ ಕಾಯುವ ಪ್ರಾಣಿಗೆ ಇಲ್ಲ.

ಕರಿಯನ ಬಾಯಿಯಲ್ಲಿ ಇದ್ದದ್ದು ಇಷ್ಟು. ಮೇಲಿನ ದವಡೆಯ ಬಲಗಡೆ, ಮಾಂಸ ಕತ್ತರಿಸಲೆಂದೇ ಇರುವ ದೊಡ್ಡ ಹಲ್ಲು ಉದ್ದಕ್ಕೆ ಸೀಳಿತ್ತು. ಒಂದು ಚಕ್ಕೆ ಎದ್ದುಹೋಗಿ ಒಳಗಿನ ತಿರುಳು ಕಪ್ಪಾಗಿ ಕಾಣುತ್ತಿತ್ತು. ನಾಯಿಗೆ ಆ ಹಲ್ಲು ಬಲು ಮುಖ್ಯ. ಅದಕ್ಕೆ ಮೂರು ಬೇರು, ಮತ್ತು ಆ ಬೇರಿನ ತುದಿ ಇರುವುದು ಸರಿಯಾಗಿ ಕಣ್ಣಿನ ಕೆಳಗೆ. ಹಲ್ಲು ಒಡೆದರೆ ತಿರುಳಿನ ಮೂಲಕ ಸೋಂಕು ಬೇರಿಗಿಳಿದು ಅಲ್ಲಿ ಕೀವು ತುಂಬುತ್ತದೆ. ಹೊರಗೆ ಹೋಗಲು ದಾರಿ ಇಲ್ಲದೆ ಕಣ್ಣಿನ ಕೆಳಗೆ ಚರ್ಮ ಒಡೆದು ಬರುತ್ತದೆ. ನಾನು ಎರಡು ತಿಂಗಳು ಔಷಧ ಹಚ್ಚಿದ್ದು ಹೊಗೆ ಕೊಳವೆಗೆ, ಬೆಂಕಿ ಇದ್ದದ್ದು ಒಲೆಯಲ್ಲಿ.

ನೆನಪಿಡಿ: ಕಣ್ಣಿನ ಕೆಳಗೆ ಬಾವು ಬಂದು, ಒಡೆದು, ಮಾಯ್ದು, ಮತ್ತೆ ಅಲ್ಲೇ ಬಂದರೆ ಮೊದಲು ಅನುಮಾನ ಪಡಬೇಕಾದದ್ದು ಹಲ್ಲನ್ನು. ಆಂಟಿಬಯಾಟಿಕ್ ಕೊಟ್ಟರೆ ಇಳಿಯುತ್ತದೆ, ನಿಲ್ಲಿಸಿದರೆ ಮರಳುತ್ತದೆ. ಹಲ್ಲು ಕೀಳಬೇಕು, ಇಲ್ಲವೇ ಸೌಲಭ್ಯ ಇರುವ ಕಡೆ ಬೇರಿನ ಚಿಕಿತ್ಸೆ ಮಾಡಿಸಬೇಕು. ಮೂರನೇ ದಾರಿ ಇಲ್ಲ.

ಹಲ್ಲು ಒಡೆದದ್ದು ಹೇಗೆ?

ಇದನ್ನು ಡಾಕ್ಟರ್ ಕೇಳಿದಾಗ ನನಗೆ ಉತ್ತರ ಗೊತ್ತಿತ್ತು, ಹೇಳಲು ನಾಚಿಕೆಯಾಯಿತು. ಕರಿಯನನ್ನು ರಾತ್ರಿ ಕಬ್ಬಿಣದ ಸರಪಳಿಯಲ್ಲಿ ಕಟ್ಟುತ್ತಿದ್ದೆವು. ಕಾಡುಹಂದಿ ಸದ್ದು ಕೇಳಿದರೆ, ಚಿರತೆ ವಾಸನೆ ಬಂದರೆ ಅವನು ಆ ಸರಪಳಿ ಕಚ್ಚಿ ಎಳೆಯುತ್ತಿದ್ದ. ಹಗಲಲ್ಲಿ ತೆಂಗಿನ ಕರಟ ಕಡಿಯುತ್ತಿದ್ದ. ನಾನೂ ತಮ್ಮನೂ ಕಲ್ಲು ಎಸೆದು "ತಗೊಂಡ್ ಬಾ" ಆಡಿಸುತ್ತಿದ್ದೆವು, ಅವನು ಗಾಳಿಯಲ್ಲೇ ಹಿಡಿಯುತ್ತಿದ್ದ, ಆ ವಿಡಿಯೋ ಸ್ಟೇಟಸ್ ಹಾಕಿದ್ದೂ ಉಂಟು. ಹಬ್ಬದ ಮರುದಿನ ಪಕ್ಕದ ಮನೆಯಿಂದ ಬರುವ ಮೂಳೆ ಬೇರೆ.

ಬೇಯಿಸಿದ ಮೂಳೆಯದು ಎರಡು ಅಪಾಯ. ಕೋಳಿ ಮೂಳೆ ಸೀಳು ಸೀಳಾಗಿ ಒಡೆದು ಗಂಟಲು, ಕರುಳು ಚುಚ್ಚುತ್ತದೆ. ಕುರಿ, ದನದ ಗಟ್ಟಿ ಕಾಲುಮೂಳೆ ಹಲ್ಲನ್ನೇ ಒಡೆಯುತ್ತದೆ. "ನಾಯಿಗೆ ಮೂಳೆ ಕೊಟ್ಟರೆ ಹಲ್ಲು ಗಟ್ಟಿಯಾಗುತ್ತದೆ" ಅನ್ನುವ ಮಾತನ್ನು ಇನ್ನು ಬಿಡೋಣ. ಪಶುವೈದ್ಯರು ಹೇಳುವ ಒಂದು ಸುಲಭ ಪರೀಕ್ಷೆ ಇದೆ: ನಿಮ್ಮ ಹೆಬ್ಬೆರಳಿನ ಉಗುರು ಒತ್ತಿದರೆ ಗುರುತು ಬೀಳದಷ್ಟು ಗಟ್ಟಿ ಇರುವ ವಸ್ತು ನಾಯಿಯ ಬಾಯಿಗೂ ಬೇಡ. ಕರಟ, ಕಲ್ಲು, ಸರಪಳಿ, ಜಿಂಕೆ ಕೊಂಬು, ಎಲ್ಲವೂ ಈ ಪರೀಕ್ಷೆಯಲ್ಲಿ ಫೇಲು. ಸರಪಳಿ ಬದಲು ಅಗಲದ ನೈಲಾನ್ ಪಟ್ಟಿ, ಸಾಧ್ಯವಿದ್ದರೆ ರಾತ್ರಿಗೆ ಭದ್ರವಾದ ಗೂಡು. ಚಿರತೆ ಓಡಾಡುವ ಊರಲ್ಲಿ ಹೊರಗೆ ಕಟ್ಟುವುದಕ್ಕಿಂತ ಗೂಡೇ ಮೇಲು.

ಒಡೆದ ಹಲ್ಲು ಒಂದಾದರೆ, ಡಾಕ್ಟರ್ ಟಾರ್ಚ್ ಬಿಟ್ಟು ತೋರಿಸಿದ ಇನ್ನೊಂದು ವಿಷಯ ನಿಮ್ಮ ಎಲ್ಲರ ಮನೆಯಲ್ಲೂ ಇರುವಂಥದ್ದು. ಉಳಿದ ದವಡೆ ಹಲ್ಲುಗಳ ಬುಡಕ್ಕೆಲ್ಲ ಹಳದಿ, ಕಂದು ಬಣ್ಣದ ಕಲ್ಲು ಕಟ್ಟಿತ್ತು. ವಸಡು ಕೆಂಪಗೆ ಊದಿ, ಮುಟ್ಟಿದರೆ ರಕ್ತ. ವಾಸನೆ ಬರುತ್ತಿದ್ದದ್ದು ಅಲ್ಲಿಂದ.

ಇದು ಹೇಗೆ ಆಗುತ್ತದೆ ಅಂತ ತೋಟದ ಭಾಷೆಯಲ್ಲೇ ಹೇಳುತ್ತೇನೆ. ಡ್ರಿಪ್ ಪೈಪಿನ ಒಳಗೆ ಕೈಯಾಡಿಸಿದ್ದೀರಾ? ಮೊದಲು ಒಂದು ಲೋಳೆ ಕಟ್ಟುತ್ತದೆ, ಅದು ಬ್ಯಾಕ್ಟೀರಿಯಾದ ಪದರ. ನೀರಿನ ಲವಣ ಆ ಲೋಳೆಯ ಮೇಲೆ ಕೂತು ಗಟ್ಟಿಯಾಗಿ ರಂಧ್ರ ಮುಚ್ಚುತ್ತದೆ. ಲೋಳೆ ಇರುವಾಗ ಪೈಪಿನ ಕೊನೆ ಬಿಚ್ಚಿ ನೀರು ಹಾಯಿಸಿದರೆ ಹೋಗುತ್ತದೆ, ಕಲ್ಲಾದ ಮೇಲೆ ಆಸಿಡ್ಡೇ ಬೇಕು. ಹಲ್ಲಿನಲ್ಲೂ ಹಾಗೆಯೇ. ಊಟವಾದ ಕೆಲವು ಗಂಟೆಯಲ್ಲೇ ಹಲ್ಲಿನ ಮೇಲೆ ಬ್ಯಾಕ್ಟೀರಿಯಾದ ಲೋಳೆ ಕೂರಲು ಶುರು, ಅದೇ ಪ್ಲಾಕ್. ಎರಡು ಮೂರು ದಿನ ತೆಗೆಯದೆ ಬಿಟ್ಟರೆ ಎಂಜಲಿನ ಸುಣ್ಣದಂಶ ಸೇರಿ ಕಲ್ಲಾಗತೊಡಗುತ್ತದೆ, ಅದು ಟಾರ್ಟರ್. ಬಟ್ಟೆಯಿಂದ ಒರೆಸಿದರೆ ಹೋಗುವುದು ಪ್ಲಾಕ್ ಮಾತ್ರ. ಕಲ್ಲು ಹೋಗುವುದಿಲ್ಲ. ಕಲ್ಲಿನ ಕೆಳಗೆ ಬ್ಯಾಕ್ಟೀರಿಯಾ ವಸಡಿನ ಒಳಕ್ಕೆ ಇಳಿದು, ಹಲ್ಲನ್ನು ಹಿಡಿದಿರುವ ಮೂಳೆಯನ್ನು ಕರಗಿಸುತ್ತದೆ. ಹಲ್ಲು ಅಲ್ಲಾಡುತ್ತದೆ, ಕೊನೆಗೆ ಬೀಳುತ್ತದೆ.

ಮನುಷ್ಯರ ಹಾಗೆ ನಾಯಿಗೆ ಹುಳುಕು ಹಲ್ಲು ಹೆಚ್ಚಿಲ್ಲ. ನಾಯಿ ಬೆಕ್ಕುಗಳಲ್ಲಿ ದೊಡ್ಡ ಕಾಯಿಲೆ ಎಂದರೆ ಈ ವಸಡಿನದೇ. ಪಶುವೈದ್ಯರು ಅವುಗಳಲ್ಲಿ ಅತಿ ಹೆಚ್ಚು ಕಾಣುವ ತೊಂದರೆಗಳಲ್ಲಿ ಇದೂ ಒಂದು. ಬಾಯಿ ಚಿಕ್ಕದಿದ್ದು ಹಲ್ಲು ಒತ್ತೊತ್ತಾಗಿರುವ ಪೊಮೇರಿಯನ್‌ನಂಥ ಸಣ್ಣ ಜಾತಿಗೆ ಇನ್ನೂ ಬೇಗ ಬರುತ್ತದೆ. ನಮ್ಮ ಮನೆಗಳಲ್ಲಿ ಹಾಕುವ ಮಜ್ಜಿಗೆ ಅನ್ನ, ಗಂಜಿ, ಹಾಲಲ್ಲಿ ನೆನೆಸಿದ ಬಿಸ್ಕತ್ತು, ಎಲ್ಲವೂ ಮೆತ್ತಗಿನ ಆಹಾರ, ಹಲ್ಲಿಗೆ ಉಜ್ಜಿಕೊಂಡು ಹೋಗುವಂಥದ್ದು ಏನೂ ಇಲ್ಲ. ಹಾಗಂತ ಅನ್ನ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಒಣ ಬಿಸ್ಕತ್ತು, ರಸ್ಕು ಕೊಟ್ಟರೆ ಹಲ್ಲು ತಾನೇ ಸ್ವಚ್ಛ ಆಗುತ್ತದೆ ಅನ್ನುವುದೂ ಸುಳ್ಳೇ. ಹಲ್ಲಿನ ತುದಿ ತಾಗಿದ ಕೂಡಲೇ ಅದು ಪುಡಿಯಾಗಿ ಹೋಗುತ್ತದೆ, ವಸಡಿನ ಅಂಚಿಗೆ ತಾಗುವುದೇ ಇಲ್ಲ.

ಇನ್ನೊಂದು ಮಾತು. ಬಾಯಿ ವಾಸನೆ ಎಲ್ಲ ಸಲ ಹಲ್ಲಿನದೇ ಆಗಬೇಕೆಂದಿಲ್ಲ. ವಯಸ್ಸಾದ ನಾಯಿ, ಬೆಕ್ಕು ಬಹಳ ನೀರು ಕುಡಿಯುತ್ತಾ, ತೂಕ ಇಳಿಯುತ್ತಾ, ಬಾಯಿಯಿಂದ ಮೂತ್ರದ ಹಾಗಿನ ವಾಸನೆ ಬಂದರೆ ಮೂತ್ರಪಿಂಡ ಪರೀಕ್ಷೆ ಮಾಡಿಸಬೇಕು. ವಸಡಿನಲ್ಲಿ ಗಡ್ಡೆ ಕಂಡರೆ ಕಾಯಬೇಡಿ, ನಾಯಿಗಳಲ್ಲಿ ಬಾಯಿಯ ಕ್ಯಾನ್ಸರ್ ಉಂಟು.

ಬಾಯಿಗೆ ಕೈ ಹಾಕುವ ಮೊದಲು

ಈ ಲೇಖನ ಓದಿ ಈಗಲೇ ಎದ್ದು ಹೋಗಿ ನಾಯಿಯ ಬಾಯಿ ಬಿಡಿಸುವವರು ಇರುತ್ತೀರಿ. ಒಂದು ನಿಮಿಷ ನಿಲ್ಲಿ. ಇದನ್ನು ಓದದೆ ಹೋಗಬೇಡಿ.

ಕೆಲವು ವರ್ಷದ ಹಿಂದೆ ನಮ್ಮ ಪಕ್ಕದ ಊರಲ್ಲಿ ಒಂದು ಮನೆಯ ನಾಯಿ ಊಟ ಬಿಟ್ಟಿತು. ಕೆಳದವಡೆ ಜೋತುಬಿದ್ದಿತ್ತು, ಜೊಲ್ಲು ಸುರಿಯುತ್ತಿತ್ತು, ನೀರು ಕುಡಿಯಲು ಹೋದರೆ ನುಂಗಲು ಆಗುತ್ತಿರಲಿಲ್ಲ. "ಮೂಳೆ ಸಿಕ್ಕಿಕೊಂಡಿರಬೇಕು" ಎಂದು ಮನೆ ಯಜಮಾನರು ಬಾಯಿಗೆ ಕೈ ಹಾಕಿ ಗಂಟಲ ತನಕ ಹುಡುಕಿದರು. ಏನೂ ಸಿಗಲಿಲ್ಲ. ಎರಡು ದಿನಕ್ಕೆ ನಾಯಿ ಸತ್ತಿತು. ಅದು ರೇಬೀಸ್ ಇರಬಹುದು ಎಂದು ಪಶುವೈದ್ಯರು ಅನುಮಾನ ಹೇಳಿದ ಮೇಲೆ ಮನೆಮಂದಿಯೆಲ್ಲ ಆಸ್ಪತ್ರೆಗೆ ಓಡಿದರು. ಹೊತ್ತಿಗೆ ಸರಿಯಾಗಿ ಇಂಜೆಕ್ಷನ್ ಆದದ್ದರಿಂದ ಅವರೆಲ್ಲ ಚೆನ್ನಾಗಿದ್ದಾರೆ.

ಹುಚ್ಚು ಹಿಡಿದ ನಾಯಿ ಅಂದರೆ ಕಂಡವರನ್ನು ಕಚ್ಚುತ್ತಾ ಓಡುವ ನಾಯಿ ಅಂತಲೇ ನಮ್ಮ ತಲೆಯಲ್ಲಿದೆ. ಮಂಕಾಗಿ ಮೂಲೆಯಲ್ಲಿ ಕೂರುವ ರೂಪವೂ ಇದೆ. ಅದರಲ್ಲಿ ದವಡೆಯ ಮತ್ತು ಗಂಟಲಿನ ನರಗಳು ಸೋತು ಬಾಯಿ ಜೋತುಬೀಳುತ್ತದೆ, ಸ್ವರ ಬದಲಾಗುತ್ತದೆ, ನೋಡಿದರೆ ಥೇಟ್ ಹಲ್ಲುನೋವು ಅಥವಾ ಮೂಳೆ ಸಿಕ್ಕಿಕೊಂಡ ಹಾಗೆ. ವೈರಸ್ ಇರುವುದು ಜೊಲ್ಲಿನಲ್ಲಿ. ಕಚ್ಚಲೇಬೇಕೆಂದಿಲ್ಲ, ಕೈಯಲ್ಲಿ ಹಸಿ ಗಾಯವಿದ್ದರೆ ಸಾಕು. ಅಡಿಕೆ ಸುಲಿಯುವ ದಿನಗಳಲ್ಲಿ ಮೆಟ್ಟುಗತ್ತಿ ತಾಗದ ಬೆರಳು ನಮ್ಮಲ್ಲಿ ಯಾರಿಗಿದೆ ಹೇಳಿ?

ಹಾಗಾಗಿ ರೇಬೀಸ್ ಲಸಿಕೆ ಆಗದ ನಾಯಿಯ ಬಾಯಿಗೆ ಕೈ ಹಾಕಬೇಡಿ. ಲಸಿಕೆ ಆದ ನಾಯಿಯೇ ಆದರೂ ಇದ್ದಕ್ಕಿದ್ದಂತೆ ಜೊಲ್ಲು, ಜೋತುಬಿದ್ದ ದವಡೆ, ಬದಲಾದ ನಡವಳಿಕೆ ಕಂಡರೆ ದೂರದಿಂದ ವಿಡಿಯೋ ಮಾಡಿ, ಕಟ್ಟಿಹಾಕಿ ಅಥವಾ ಕೋಣೆಯಲ್ಲಿ ಕೂಡಿ, ಪಶುವೈದ್ಯರಿಗೆ ಕಳಿಸಿ. ಆಗಲೇ ಜೊಲ್ಲು ತಾಗಿಬಿಟ್ಟಿದ್ದರೆ ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ, ಅವರು ಬರೆದುಕೊಟ್ಟ ಎಲ್ಲ ದಿನದ ಚುಚ್ಚುಮದ್ದನ್ನೂ ತಪ್ಪಿಸದೆ ಹಾಕಿಸಿಕೊಳ್ಳಿ. ಲಕ್ಷಣ ಶುರುವಾದ ಮೇಲೆ ರೇಬೀಸಿಗೆ ಮದ್ದಿಲ್ಲ. ಮರಿಗೆ ಮೂರು ತಿಂಗಳಾದಾಗ ಮೊದಲ ಲಸಿಕೆ, ಆಮೇಲೆ ಪಶುವೈದ್ಯರು ಹೇಳಿದ ಹಾಗೆ ಮರುಲಸಿಕೆ. ಹಲ್ಲಿನ ಆರೈಕೆ ಶುರುವಾಗುವುದು ಇಲ್ಲಿಂದ.

ಬೆಳ್ಳಿಯ ಕಥೆ

ಬೆಳ್ಳಿ ಅಮ್ಮನ ಬೆಕ್ಕು. ಅಟ್ಟದಲ್ಲಿ ಇಲಿ ಹಿಡಿಯುವುದು ಅವಳ ನೌಕರಿ. ಕರಿಯನ ಗಲಾಟೆ ನಡೆಯುವಾಗಲೇ ಅವಳೂ ಮೀನಿನ ತಟ್ಟೆಯ ಹತ್ತಿರ ಬಂದು ಮೂಸಿ, ಒಂದು ತುತ್ತು ಬಾಯಿಗೆ ಹಾಕಿ, ಕಿರುಚಿ ಹಿಂದಕ್ಕೆ ಹಾರುತ್ತಿದ್ದಳು. ಮೈ ನೆಕ್ಕಿಕೊಳ್ಳುವುದನ್ನು ಬಿಟ್ಟಿದ್ದಳು, ಬೆನ್ನಿನ ಕೂದಲು ಗಂಟುಗಂಟು. ಬೆಕ್ಕು ಮೈ ನೆಕ್ಕಿಕೊಳ್ಳುವುದು ಬಿಟ್ಟರೆ ಬಾಯಲ್ಲಿ ಏನೋ ಇದೆ ಅಂತಲೇ ತಿಳಿಯಬೇಕು, ಇದು ನನಗೆ ಆಮೇಲೆ ಗೊತ್ತಾದದ್ದು.

ಹಲ್ಲುನೋವಿಗೆ ಲವಂಗದೆಣ್ಣೆ ಅಂತ ನಮಗೆಲ್ಲ ಗೊತ್ತಲ್ಲ. ತೋಟದ್ದೇ ಲವಂಗ, ಮನೆಯಲ್ಲೇ ತೆಗೆದ ಎಣ್ಣೆ. ಹತ್ತಿಯಲ್ಲಿ ಅದ್ದಿ ಸಿದ್ಧ ಮಾಡಿಕೊಂಡೆ. ಅಮ್ಮ ಹೇಳಿದರು, "ಒಂದು ಮಾತು ಡಾಕ್ಟ್ರ ಹತ್ರ ಕೇಳಿ ಹಚ್ಚೋ." ಕೇಳಿದ್ದು ಒಳ್ಳೆಯದಾಯಿತು. ಲವಂಗದೆಣ್ಣೆ ಬೆಕ್ಕಿಗೆ ವಿಷ. ನಮ್ಮ ಪಿತ್ತಜನಕಾಂಗ ಕರಗಿಸುವ ಕೆಲವು ವಸ್ತುಗಳನ್ನು ಬೆಕ್ಕಿನದು ಕರಗಿಸಲಾರದು. ಇದೇ ಕಾರಣಕ್ಕೆ ಪ್ಯಾರಾಸಿಟಮಾಲ್ ಕೂಡ. ಜ್ವರಕ್ಕೆಂದು ಎಲ್ಲರ ಮನೆಯಲ್ಲಿ ಇರುವ ಆ ಮಾತ್ರೆ ಒಂದೇ ಒಂದು ಕೊಟ್ಟರೂ ಬೆಕ್ಕು ಸಾಯಬಹುದು. ನಾಯಿಗೂ ನಮ್ಮ ಮಾತ್ರೆ ಕ್ಷೇಮವಲ್ಲ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡ ಕೆಡಿಸುತ್ತವೆ. "ನೈಸರ್ಗಿಕ" ಅಂದ ಮಾತ್ರಕ್ಕೆ ಎಲ್ಲರಿಗೂ ಸರಿ ಅಂತ ಅಲ್ಲ ಅಂತ ಸಾವಯವ ಕೃಷಿಕನಾದ ನಾನೇ ಬರೆಯಬೇಕಾಗಿ ಬಂದದ್ದು ತಮಾಷೆಯೇ.

ಬೆಳ್ಳಿಗೆ ಇದ್ದದ್ದು ಬೆಕ್ಕುಗಳಲ್ಲಿ ಸಾಮಾನ್ಯವಾದ ಒಂದು ವಿಚಿತ್ರ ತೊಂದರೆ. ಹಲ್ಲು ಬುಡದಿಂದ ತಾನೇ ಕರಗುತ್ತಾ ಹೋಗುತ್ತದೆ, ಆ ಜಾಗಕ್ಕೆ ವಸಡು ಹತ್ತಿಕೊಂಡು ಕೆಂಪು ಚುಕ್ಕೆಯ ಹಾಗೆ ಕಾಣುತ್ತದೆ. ಬಹಳ ನೋವು. ಆ ಹಲ್ಲು ಕೀಳುವುದೇ ಚಿಕಿತ್ಸೆ. ಎರಡು ಹಲ್ಲು ಕಿತ್ತರು. ವಾರದಲ್ಲಿ ಅಟ್ಟ ಹತ್ತಿದಳು. ಬೆಕ್ಕಿನ ವಿಷಯದಲ್ಲಿ ಇನ್ನೊಂದು ಎಚ್ಚರ: ಎರಡು ಮೂರು ದಿನ ಪೂರ್ತಿ ಊಟ ಬಿಟ್ಟರೆ, ಅದರಲ್ಲೂ ಮೈತುಂಬಿದ ಬೆಕ್ಕಾದರೆ, ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿ ಜೀವಕ್ಕೇ ಬರುತ್ತದೆ. "ಹಸಿವಾದ್ರೆ ತಿನ್ನುತ್ತೆ ಬಿಡು" ಅನ್ನುವ ಲೆಕ್ಕ ಬೆಕ್ಕಿಗೆ ಹಾಕಬೇಡಿ.

ಶಿವಮೊಗ್ಗಕ್ಕೆ ಹೋದದ್ದು

ಕರಿಯನ ಹಲ್ಲು ಕೀಳಲು ಗಣಪತಿ ಹಬ್ಬ ಮುಗಿಸಿ ಶಿವಮೊಗ್ಗಕ್ಕೆ ಹೋದೆವು. ಸಾಗರದಿಂದ ಸುಮಾರು 70 ಕಿಲೋಮೀಟರ್, ಜೀಪಿನ ಹಿಂದೆ ಗೋಣಿ ಹಾಸಿ ಮಲಗಿಸಿಕೊಂಡು. "ನಾಯಿ ಹಲ್ಲಿಗೆ ಶಿವಮೊಗ್ಗನಾ!" ಅಂತ ದಾರಿಯಲ್ಲಿ ಸಿಕ್ಕವರೆಲ್ಲ ನಕ್ಕರು. ನಗಲಿ. ಒಂದು ಮಳೆಗಾಲದಲ್ಲಿ ಮಂಗ ತಿಂದ ಬಾಳೆಗೊನೆಯ ಲೆಕ್ಕ ನನಗೆ ಗೊತ್ತು.

ಮೂರು ಬೇರಿನ ಹಲ್ಲನ್ನು ಇಕ್ಕಳ ಹಾಕಿ ಎಳೆದರೆ ಬರುವುದಿಲ್ಲ. ಹಲ್ಲನ್ನು ತುಂಡು ಮಾಡಿ, ಒಂದೊಂದೇ ಬೇರು ಸಡಿಲಿಸಿ ತೆಗೆದು ಹೊಲಿಗೆ ಹಾಕುತ್ತಾರೆ. ಇದಕ್ಕೆ ಪೂರ್ತಿ ಅರಿವಳಿಕೆ ಬೇಕು. ಉಳಿದ ಹಲ್ಲಿನ ಕಲ್ಲು ತೆಗೆಯುವುದಕ್ಕೂ ಹಾಗೆಯೇ. ನಿಜವಾದ ರೋಗ ಇರುವುದು ವಸಡಿನ ಕೆಳಗೆ, ಎಚ್ಚರ ಇರುವ ಪ್ರಾಣಿಯಲ್ಲಿ ಅಲ್ಲಿಗೆ ಯಂತ್ರ ತಾಗಿಸಲು ಆಗುವುದಿಲ್ಲ. ಅರಿವಳಿಕೆ ಇಲ್ಲದೆ ಮೇಲಿಂದ ಕೆರೆದು ಬೆಳ್ಳಗೆ ಮಾಡಿಕೊಡುತ್ತೇವೆ ಅನ್ನುವವರು ಸಿಕ್ಕರೆ ಬೇಡ ಅನ್ನಿ. ಅದು ಗೆದ್ದಲು ಹತ್ತಿದ ಕಂಬಕ್ಕೆ ಬಣ್ಣ ಬಳಿದ ಹಾಗೆ. ನೀವೇ ಮನೆಯಲ್ಲಿ ಚೂರಿ, ಸ್ಕ್ರೂಡ್ರೈವರ್ ಹಿಡಿದು ಕೆರೆಯಲೂ ಬೇಡಿ. ಯೂಟ್ಯೂಬಿನಲ್ಲಿ ಅಂಥ ವಿಡಿಯೋ ಎಷ್ಟೋ ಇವೆ.

ಅರಿವಳಿಕೆ ಅಂದರೆ ಭಯ ಸಹಜ. ಮೊದಲು ರಕ್ತ ಪರೀಕ್ಷೆ ಮಾಡಿ ಮೂತ್ರಪಿಂಡ, ಪಿತ್ತಜನಕಾಂಗ ನೋಡುತ್ತಾರೆ. ಹಿಂದಿನ ರಾತ್ರಿಯಿಂದ ಊಟ ಯಾವಾಗ ನಿಲ್ಲಿಸಬೇಕೆಂದು ಅವರೇ ಹೇಳುತ್ತಾರೆ, ಪಾಪ ಅಂತ ಒಂದು ತುತ್ತೂ ಹಾಕಬೇಡಿ. ಶಿವಮೊಗ್ಗದ ವಿನೋಬನಗರದಲ್ಲಿ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಖಾಸಗಿ ಕ್ಲಿನಿಕ್ಕುಗಳೂ ಇವೆ. ಎಲ್ಲ ಕಡೆ ಹಲ್ಲಿನ ಯಂತ್ರ, ಎಕ್ಸ್‌ರೇ ಇರುವುದಿಲ್ಲ. ಹೊರಡುವ ಮೊದಲು ಫೋನ್ ಮಾಡಿ ಮೂರು ವಿಷಯ ಕೇಳಿಕೊಳ್ಳಿ: ಹಲ್ಲಿನ ಸ್ಕೇಲಿಂಗ್ ಮಾಡುತ್ತೀರಾ, ಯಾವ ದಿನ ಬರಬೇಕು, ಅಂದಾಜು ಎಷ್ಟಾಗುತ್ತದೆ. ಮೊದಲ ಸಲಹೆಗೆ ನಿಮ್ಮ ಊರಿನ ಪಶು ಆಸ್ಪತ್ರೆಯೇ ಸಾಕು. ದೂರ ಹೋಗಬೇಕೋ ಬೇಡವೋ ಅವರು ಹೇಳುತ್ತಾರೆ.

ಮನೆಗೆ ಬಂದ ಮೇಲೆ ಹತ್ತು ಹದಿನಾಲ್ಕು ದಿನ ಮೆತ್ತಗಿನ ಗಂಜಿ ಅನ್ನ, ಬರೆದುಕೊಟ್ಟ ಮಾತ್ರೆ, ಕಚ್ಚಿ ಎಳೆಯುವ ಆಟ ಬಂದ್. ಮೂರನೇ ದಿನಕ್ಕೇ ಕರಿಯ ಬಾಲ ಎತ್ತಿದ. ಪ್ರಾಣಿಗಳು ನೋವು ತೋರಿಸುವುದಿಲ್ಲ, ಊಟವನ್ನೂ ಬಿಡುವುದಿಲ್ಲ. ನೋವು ಹೋದ ಮೇಲೆ ನೋಡಿದರೆ ಆಗ ಗೊತ್ತಾಗುತ್ತದೆ ಎಷ್ಟು ಇತ್ತು ಅಂತ.

ಈಗ ಮಾಡುತ್ತಿರುವುದು

ದಿನಾ ಸಂಜೆ, ತೋಟದಿಂದ ಬಂದ ಮೇಲೆ, ಎರಡು ನಿಮಿಷ. ಮೊದಲ ವಾರ ಬ್ರಷ್ ಹಿಡಿಯಲೇ ಇಲ್ಲ. ಬೆರಳಿಗೆ ಸ್ವಲ್ಪ ಮೊಸರು ಹಚ್ಚಿ ತುಟಿ ಎತ್ತಿ ಹಲ್ಲಿಗೆ ಸವರುವುದು, ಅಷ್ಟೇ. ಎರಡನೇ ವಾರ ಹಳೆ ಪಂಚೆಯ ತುಂಡು ಬೆರಳಿಗೆ ಸುತ್ತಿ ಒರೆಸಿದ್ದು. ಆಮೇಲೆ ಮಕ್ಕಳ ಮೆತ್ತನೆ ಬ್ರಷ್. ಬಾಯಿ ಪೂರ್ತಿ ಬಿಡಿಸಬೇಕಾಗಿಲ್ಲ, ತುಟಿ ಎತ್ತಿ ಹೊರಭಾಗ ಉಜ್ಜಿದರೆ ಸಾಕು. ಒಳಭಾಗದಲ್ಲಿ ನಾಲಗೆ ಸ್ವಲ್ಪ ಕೆಲಸ ಮಾಡುತ್ತದೆ. ಗಮನ ಇರಬೇಕಾದದ್ದು ಮೇಲಿನ ದವಡೆಯ ಹಿಂದಿನ ದೊಡ್ಡ ಹಲ್ಲುಗಳು ಮತ್ತು ವಸಡಿನ ಅಂಚು. ದಿನಾ ಆಗದಿದ್ದರೆ ದಿನ ಬಿಟ್ಟು ದಿನ. ವಾರಕ್ಕೊಮ್ಮೆ ಉಜ್ಜಿದರೆ ಅಷ್ಟರಲ್ಲಿ ಕಲ್ಲು ಕಟ್ಟಿರುತ್ತದೆ. ಆಗಲೇ ವಸಡು ಊದಿ ರಕ್ತ ಬರುತ್ತಿದ್ದರೆ ಉಜ್ಜಬೇಡಿ, ನೋವಾಗಿ ಜನ್ಮಕ್ಕೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಮೊದಲು ಚಿಕಿತ್ಸೆ, ಆಮೇಲೆ ಬ್ರಷ್.

ಪೇಸ್ಟ್? ನಮ್ಮ ಪೇಸ್ಟ್ ಬೇಡವೇ ಬೇಡ. ನಾಯಿ ಉಗುಳುವುದಿಲ್ಲ, ನುಂಗುತ್ತದೆ. ಫ್ಲೋರೈಡ್ ಹೊಟ್ಟೆಗೆ ಹೋಗುತ್ತದೆ. ಕೆಲವು ಪೇಸ್ಟ್ ಮತ್ತು ಸಕ್ಕರೆ ಇಲ್ಲದ ಚೂಯಿಂಗ್ ಗಮ್‌ಗಳಲ್ಲಿ ಕ್ಸೈಲಿಟಾಲ್ ಎಂಬ ಸಿಹಿ ವಸ್ತು ಇರುತ್ತದೆ, ಅದು ನಾಯಿಯ ರಕ್ತದ ಸಕ್ಕರೆಯನ್ನು ಒಮ್ಮೆಲೇ ಇಳಿಸಿ ಪಿತ್ತಜನಕಾಂಗ ಕೆಡಿಸುತ್ತದೆ. ನಾಯಿ ಬೆಕ್ಕಿಗೇ ಮಾಡಿದ ಪೇಸ್ಟ್ ಅಂಗಡಿಯಲ್ಲಿ, ಆನ್‌ಲೈನಿನಲ್ಲಿ ಸಿಗುತ್ತದೆ. ಇಲ್ಲದಿದ್ದರೆ ಬರೀ ನೀರು ಸಾಕು, ಕೆಲಸ ಮಾಡುವುದು ಉಜ್ಜುವಿಕೆ. ಉಪ್ಪು, ಸೋಡಾ, ಬೂದಿ, ಇದ್ದಿಲ ಪುಡಿ ಯಾವುದೂ ಬೇಡ.

ಅಡಿಕೆ ಪುಡಿ ಆಗಬಹುದಾ ಅಂತ ನನ್ನ ಅಡಿಕೆ ವ್ಯಾಪಾರದ ಗೆಳೆಯನೊಬ್ಬ ಕೇಳಿದ. ಪ್ರಶ್ನೆ ಪೂರಾ ಹುಚ್ಚಿನದಲ್ಲ. 19ನೇ ಶತಮಾನದ ಇಂಗ್ಲೆಂಡಿನಲ್ಲಿ ಅಡಿಕೆಯ ಹಲ್ಲು ಪೇಸ್ಟ್ ಅಂತಲೇ ಪಿಂಗಾಣಿ ಡಬ್ಬಿಯಲ್ಲಿ ಮಾರುತ್ತಿದ್ದರು. ಅಡಿಕೆಯಲ್ಲಿರುವ ಅರೆಕೊಲಿನ್ ಅನ್ನು ಒಂದು ಕಾಲದಲ್ಲಿ ನಾಯಿಗಳ ಲಾಡಿಹುಳಕ್ಕೆ ಔಷಧವಾಗಿಯೂ ಬಳಸುತ್ತಿದ್ದರು. ಆದರೆ ಅದರಿಂದ ನಾಯಿಗೆ ವಾಂತಿ ಭೇದಿ ಹತ್ತುತ್ತಿತ್ತು, ಒಳ್ಳೆಯ ಔಷಧ ಬಂದ ಮೇಲೆ ಬಿಟ್ಟರು. ಅಡಿಕೆಯನ್ನು ನಾವು ಮಂಡಿಗೆ ಕಳಿಸೋಣ, ನಾಯಿ ಬಾಯಿಗೆ ಬೇಡ.

ಮರಿ ಸಾಕುವವರಿಗೆ ಸ್ವಲ್ಪ ಲೆಕ್ಕ. ನಾಯಿಮರಿಗೆ ಹಾಲುಹಲ್ಲು 28, ಬೆಳೆದ ನಾಯಿಗೆ 42. ಬೆಕ್ಕಿನ ಮರಿಗೆ 26, ಬೆಳೆದ ಬೆಕ್ಕಿಗೆ 30. ಹೆಚ್ಚುಕಡಿಮೆ ಆರೇಳು ತಿಂಗಳಿಗೆ ಹಾಲುಹಲ್ಲೆಲ್ಲ ಬಿದ್ದು ಹೊಸವು ಬಂದಿರಬೇಕು. ಹೊಸ ಕೋರೆಹಲ್ಲಿನ ಪಕ್ಕದಲ್ಲೇ ಹಳೆಯದೂ ನಿಂತಿದ್ದರೆ ತೋರಿಸಿ ತೆಗೆಸಿ. ಬಾಯಿ ಮುಟ್ಟಿಸಿಕೊಳ್ಳುವ ಅಭ್ಯಾಸ ಮಾಡಿಸಲು ಇದೇ ವಯಸ್ಸು. ಏಳು ವರ್ಷದ ಕರಿಯನಿಗೆ ಕಲಿಸಲು ನನಗೆ ತಿಂಗಳು ಹಿಡಿಯಿತು. ಮನೆಗೆ ಬಂದ ಎರಡು ತಿಂಗಳ ಹೊಸ ಮರಿ ನಾಲ್ಕು ದಿನಕ್ಕೆ ಕಲಿತಿತು.

ತಿಂಗಳಿಗೊಮ್ಮೆ ಮೊಬೈಲ್ ಟಾರ್ಚ್ ಹಾಕಿ ಎಡಗಡೆ, ಬಲಗಡೆ, ಎದುರು ಮೂರು ಫೋಟೋ ತೆಗೆಯುತ್ತೇನೆ. ಒಬ್ಬರು ಹಿಡಿದುಕೊಳ್ಳಬೇಕು, ಒಬ್ಬರು ತುಟಿ ಎತ್ತಬೇಕು. ಹಿಂದಿನ ತಿಂಗಳ ಫೋಟೋ ಪಕ್ಕ ಇಟ್ಟು ನೋಡಿದರೆ ಹೊಸ ಕಲ್ಲು, ಕೆಂಪು ವಸಡು, ಚಕ್ಕೆ ಎದ್ದದ್ದು ತಕ್ಷಣ ಗೊತ್ತಾಗುತ್ತದೆ. ಡಾಕ್ಟರಿಗೆ ಕಳಿಸಲೂ ಸುಲಭ. ಅದೇ ಹೊತ್ತಿಗೆ ಕಿವಿ ಹಿಂದೆ, ಕುತ್ತಿಗೆ ಪಟ್ಟಿಯ ಕೆಳಗೆ ಕೈಯಾಡಿಸಿ ಉಣುಗು ಇದೆಯಾ ನೋಡಿಬಿಡಿ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ನಮ್ಮ ಕಾಡನ್ನು ಇನ್ನೂ ಬಿಟ್ಟಿಲ್ಲ.

ಕರಿಯ ಈಗ ಬೆಳಿಗ್ಗೆ ಏಳಕ್ಕೆ ಮತ್ತೆ ತೋಟಕ್ಕಿಳಿಯುತ್ತಾನೆ. ಹೊಸ ಮರಿ ಹಿಂದೆ ಹಿಂದೆ ಓಡುತ್ತದೆ. ಈ ತಿಂಗಳ ಫೋಟೋದಲ್ಲಿ ಅವನ ಎಡ ಕೆಳದವಡೆಯ ಹಲ್ಲೊಂದರ ಬುಡದಲ್ಲಿ ಸಣ್ಣ ಕಂದು ಗೆರೆ ಕಾಣುತ್ತಿದೆ. ಡಾಕ್ಟರಿಗೆ ಕಳಿಸಿದೆ, "ಕೊನೆ ಕೊಯ್ಲು ಮುಗಿಸಿ ಬನ್ನಿ, ಅವಸರ ಇಲ್ಲ, ಬ್ರಷ್ ಮಾತ್ರ ಬಿಡಬೇಡಿ" ಅಂದಿದ್ದಾರೆ. ಜಗಲಿಯಲ್ಲಿ ಬ್ರಷ್ ಹಿಡಿದು ಕೂತರೆ ಅಪ್ಪಯ್ಯ ಪೇಪರಿಂದ ತಲೆ ಎತ್ತಿ, "ನನ್ನ ಹಲ್ಲು ಯಾರೂ ನೋಡಲಿಲ್ಲ ನೋಡು" ಅನ್ನುತ್ತಾರೆ.